ತೊವ್ವೆಗೆ ಬಂದ ಬೀಗರು

ಫೆಬ್ರವರಿಯ ಆ ಗುರುವಾರ ಬೆಳಗ್ಗೆ ಹನ್ನೊಂದೂ ಹತ್ತಕ್ಕೆ ರಾಣೆಬೆನ್ನೂರಿನ ಅಣ್ಣಾಜಿಯವರ ಮನೆಯ ಹಿಂದಿನ ಅಡುಗೆ ಕೋಣೆಯಲ್ಲಿ ಐದು ಗ್ಯಾಸ್ ಒಲೆಗಳು ಉರಿಯುತ್ತಿದ್ದವು. ಒಂದರ ಮೇಲೆ ಹುಳಿ, ಒಂದರ ಮೇಲೆ ಸಾರು, ಮೂರನೆಯದರ ಮೇಲೆ ತೊವ್ವೆ, ನಾಲ್ಕನೆಯದರ ಮೇಲೆ ಕಡಲೆಬೇಳೆ ಬೆಲ್ಲದ ಹಯಗ್ರೀವ, ಗೋಡೆಯ ಬದಿಯ ಐದನೆಯದರಲ್ಲಿ ಅನ್ನಕ್ಕೆ ಎಸರು. ಹನ್ನೆರಡೂ ಕಾಲಿಗೆ ನೈವೇದ್ಯ, ನಂತರ ನೂರಾ ಅರವತ್ತು ಎಲೆ. ಒಲೆಗಳ ನಡುವೆ ಮಡಿಸೀರೆಯಲ್ಲಿ ನಿಂತಿದ್ದವರು ಹಾವೇರಿಯ ಸರಸ್ವತೀಬಾಯಿ. ವಯಸ್ಸು ಐವತ್ತೆಂಟು, ಅಡುಗೆಯ ಕೆಲಸ ಹಿಡಿದು ಮೂವತ್ತೊಂದು ವರ್ಷ. ಎಪ್ಪತ್ತು ದಿನಗಳಿಂದ ಅವರ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಆ ಮನೆಯಲ್ಲಿ ಇದು ಗೊತ್ತಿದ್ದದ್ದು ಅವರ ಸೊಸೆ ಶ್ರೀವಾಣಿಗೆ ಮಾತ್ರ.

ಬೇರೆ ಅಡುಗೆಯವರಾದರೆ ಮೂಗು ಹೋದರೂ ನಾಲಿಗೆಯಿಂದ ಒಂದಿಷ್ಟು ನಿಭಾಯಿಸಬಹುದು. ಸೌಟಿನ ತುದಿಯಿಂದ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿದರೆ ಉಪ್ಪು, ಹುಳಿ, ಖಾರ ತಿಳಿಯುತ್ತದೆ. ಮಡಿಯ ಅಡುಗೆಯಲ್ಲಿ ಅದಕ್ಕೆ ಅವಕಾಶವಿಲ್ಲ. ದೇವರಿಗೆ ತೋರಿಸುವ ಮೊದಲು ಯಾರ ನಾಲಿಗೆಯೂ ಅದನ್ನು ಮುಟ್ಟುವಂತಿಲ್ಲ. ಕಟ್ಟುನಿಟ್ಟಿನ ಮನೆಗಳಲ್ಲಿ ಮೂಸುವುದೂ ಸಲ್ಲದು. ಹಾಗಾದರೆ ಹದ ತಿಳಿಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ಸರಸ್ವತೀಬಾಯಿ ಒಂದೇ ಉತ್ತರ ಕೊಡುತ್ತಿದ್ದರು. "ನಾ ಮೂಸೂದಿಲ್ರಿ. ವಾಸನಿ ತಾನ ಬರ್ತದ. ಬಂದ ವಾಸನಿಗೆ ಬಾಗಲಾ ಹಾಕ್ಲಿಕ್ಕೆ ಆಗ್ತದೇನು?"

ತಾನೇ ಬರುವ ಆ ವಾಸನೆಯ ಮೇಲೆ ಅವರ ಕೆಲಸವೆಲ್ಲ ನಿಂತಿತ್ತು. ಬೇಳೆಯ ಹಸಿ ವಾಸನೆ ಹೋದ ಗಳಿಗೆ, ಹುಣಸೆರಸದ ಕಟುತನ ಇಳಿದ ಗಳಿಗೆ, ಮೆಂತ್ಯ ಕೆಂಪಾಗಿ ಇನ್ನೊಂದು ಕ್ಷಣ ಬಿಟ್ಟರೆ ಕಹಿಯಾಗುವ ಗಳಿಗೆ, ಇವೆಲ್ಲವನ್ನೂ ಅವರು ಒಲೆಗೆ ಬೆನ್ನು ಮಾಡಿ ತೆಂಗಿನಕಾಯಿ ತುರಿಯುತ್ತಲೇ ಹಿಡಿಯುತ್ತಿದ್ದರು. ಉಪ್ಪು ಮಾತ್ರ ಕೈ ಅಳತೆ. ಇಪ್ಪತ್ತೈದು ಎಲೆಗೆ ಒಂದು ಹಿಡಿ ಹುಳಿಗೆ, ಅದರ ಮುಕ್ಕಾಲು ಸಾರಿಗೆ. ಆ ಕೈ ತಪ್ಪಿದ್ದನ್ನು ಹಾವೇರಿಯಲ್ಲಿ ಯಾರೂ ನೋಡಿಲ್ಲ.

ಡಿಸೆಂಬರ್ ಮೊದಲ ವಾರ ಅವರಿಗೆ ನಾಲ್ಕು ದಿನ ಜ್ವರ ಬಂತು. ಐದನೆಯ ದಿನ ಎದ್ದು ಒಗ್ಗರಣೆಗೆಂದು ಇಂಗಿನ ಡಬ್ಬಿಯ ಮುಚ್ಚಳ ತೆಗೆದರು. ಏನೂ ಬರಲಿಲ್ಲ. ಡಬ್ಬಿ ಖಾಲಿಯಾಗಿದೆಯೇ ಎಂದು ನೋಡಿದರು. ತುಂಬಿತ್ತು. ಒಂದು ಚೂರನ್ನು ಬೆರಳಲ್ಲಿ ಪುಡಿ ಮಾಡಿ ಮೂಗಿನ ತುದಿಗೇ ಹಿಡಿದರು. ಸುಣ್ಣದ ಪುಡಿ ಹಿಡಿದ ಹಾಗೆ ಇತ್ತು. ರಾಣೆಬೆನ್ನೂರಿನ ಮೂಗಿನ ಡಾಕ್ಟರು ನೋಡಿ, ನರಕ್ಕೆ ಪೆಟ್ಟಾಗಿದೆ, ಆರು ತಿಂಗಳಲ್ಲಿ ಬರಬಹುದು, ಬಾರದೆಯೂ ಇರಬಹುದು ಎಂದರು. ದಿನಕ್ಕೆ ಎರಡು ಸಲ ಲವಂಗ, ನಿಂಬೆಸಿಪ್ಪೆ ಮೂಸಲು ಹೇಳಿದರು. ಮೂವತ್ತೊಂದು ವರ್ಷ ಮೂಸುವುದಿಲ್ಲ ಎಂದು ಹೇಳಿಕೊಂಡು ಬಂದವರು ಈಗ ಬಾಗಿಲು ಹಾಕಿಕೊಂಡು ಮೂಸತೊಡಗಿದರು.

ಹೊರಗಿನವರ ಮುಂದೆ ಮೊದಲ ಸುಳ್ಳು ಹೇಳಿದ್ದು ಬ್ಯಾಡಗಿಯಲ್ಲಿ. ಪ್ರತಿ ಜನವರಿಯ ಕೊನೆಗೆ ವರ್ಷದ ಮೆಣಸಿನಕಾಯಿಗೆಂದು ಅವರು ಅಲ್ಲಿ ಖಲಂದರನ ಅಂಗಡಿಗೆ ಹೋಗುತ್ತಾರೆ. ಈ ಸಲವೂ ಚೀಲಗಳ ನಡುವೆ ಕಾಲಿಡುತ್ತಲೇ ಘಾಟು ಗಂಟಲಿಗೆ ತಾಗಿ ಎಲ್ಲರಂತೆ ಅವರೂ ಕೆಮ್ಮಿದರು. ಘಾಟಿಗೆ ಮೂಗು ಬೇಕಿಲ್ಲ. ಆದರೆ ಒಣಮೆಣಸಿನ ಸಿಹಿಯಾದ ವಾಸನೆ ಇರಲಿಲ್ಲ. ಖಲಂದರ ಪ್ರತಿ ವರ್ಷದ ತಮಾಷೆಗೆಂದು ಎರಡು ಕಾಯಿ ಮುರಿದು ಮುಂದೆ ಹಿಡಿದ. ಒಂದು ಹೊಸದು, ಒಂದು ಕೋಲ್ಡ್ ಸ್ಟೋರೇಜಿನಲ್ಲಿ ವರ್ಷ ಕಳೆದದ್ದು. ಬಣ್ಣದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ.

"ಯಾವುದು ಕಟ್ಲಿ ಹೇಳ್ರಿ ಬಾಯಾರ?"

ಸರಸ್ವತೀಬಾಯಿ ಒಂದನ್ನು ತೋರಿಸಿದರು. "ಇದು ಛಲೋ ಅದ."

ಖಲಂದರನ ಕೈ ತಕ್ಕಡಿಯ ಮೇಲೆ ನಿಂತಿತು. "ಇದು ಹ್ವಾದ ವರ್ಷದ್ದು ಐತ್ರಿ. ಇಪ್ಪತ್ತ ವರ್ಷದಾಗ ಒಮ್ಮಿನೂ ನಿಮ್ಮನ್ನ ಮೋಸ ಮಾಡಾಕ ಆಗಿಲ್ಲ ನನಗ. ಮೂಗು ಕಟ್ಟೈತೇನು?"

"ಥಂಡಿ ಆಗ್ಯದ."

"ಥಂಡಿ ಆದವ್ರು ಬ್ಯಾಡಗ್ಯಾಗ ಕಾಲಿಟ್ಟ ಕೂಡ್ಲೆ ಆರಾಮ ಆಕ್ಕಾರ," ಎಂದು ನಕ್ಕು ಅವನು ಹೊಸ ಮಾಲನ್ನೇ ಕಟ್ಟಿಕೊಟ್ಟ. ಆದರೆ ಬಸ್‌ಸ್ಟ್ಯಾಂಡಿನ ಕಡೆ ತಿರುಗುವವರೆಗೂ ಅವನು ತಮ್ಮನ್ನೇ ನೋಡುತ್ತಿದ್ದದ್ದು ಅವರಿಗೆ ಬೆನ್ನಿಗೆ ತಿಳಿಯುತ್ತಿತ್ತು.

ಸುಳ್ಳು ಏಕೆ ಎಂಬುದಕ್ಕೆ ಕಾರಣ ಸರಳ. ಮಡಿಯ ಅಡುಗೆಯವರನ್ನು ಕರೆಯುವ ಮನೆಗಳು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೇರಿ ಎಪ್ಪತ್ತು ಎಂಬತ್ತು ಇರಬಹುದು. ಎಲ್ಲರೂ ಒಬ್ಬರಿಗೊಬ್ಬರು ಸಂಬಂಧಿಕರು. ಬೆಳಗ್ಗೆ ಒಂದು ಮನೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಮೂರೂ ಊರು ಮುಟ್ಟುತ್ತದೆ. ವಾಸನೆ ತಿಳಿಯದ ಅಡುಗೆಯವಳು ಎಂದು ಒಮ್ಮೆ ಅನ್ನಿಸಿಕೊಂಡರೆ ಮುಗಿಯಿತು. ಗಂಡ ತೀರಿಕೊಂಡ ವರ್ಷದಿಂದ ಅವರಿಗೆ ಊರಲ್ಲಿ ಹೆಸರು, ಜಾಗ, ಎಲ್ಲವೂ ಆ ಒಲೆಯ ಮುಂದೆಯೇ ಸಿಕ್ಕಿದ್ದು. ಸಾರಿಗೆ ಡಿಪೋದಲ್ಲಿರುವ ಮಗ ಮನೆಯಲ್ಲಿ ಕೂತುಕೋ ಎನ್ನುತ್ತಾನೆ. ಕೂತು ಏನು ಮಾಡಬೇಕು ಎಂಬುದು ಅವರಿಗೆ ಗೊತ್ತಿಲ್ಲ.

ಆದ್ದರಿಂದ ಡಿಸೆಂಬರಿನಲ್ಲೇ ಅತ್ತೆ ಸೊಸೆ ಒಂದು ಏರ್ಪಾಟು ಮಾಡಿಕೊಂಡಿದ್ದರು. ಅಲ್ಲಿಯವರೆಗೆ ಹೆಚ್ಚಿ ತೊಳೆದು ಕೊಡುತ್ತಿದ್ದ ಶ್ರೀವಾಣಿ ಇನ್ನು ಮೂಗಾಗಬೇಕು. ಬಾಯಿಬಿಟ್ಟು ಹೇಳುವಂತಿಲ್ಲ, ಬಾಗಿಲಲ್ಲಿ ಸದಾ ಯಾರಾದರೂ ಇರುತ್ತಾರೆ. ಹದ ಬಂದರೆ ಅವಳು ಬಳೆ ಮೇಲೆ ಸರಿಸುತ್ತಾಳೆ. ಇಂಗು ಸಾಲದಿದ್ದರೆ ಇಂಗಿನ ಡಬ್ಬಿಯನ್ನು ಹತ್ತಿರ ತಂದಿಡುತ್ತಾಳೆ. ತಳ ಹಿಡಿಯುವುದಕ್ಕೆ ಮಾತ್ರ ಹೊಸ ಸಂಕೇತ ಬೇಕಾಗಲಿಲ್ಲ, ಹಳೆಯದೇ ಇತ್ತು.

ಅದನ್ನು ಕಲಿಸಿದ್ದು ಸರಸ್ವತೀಬಾಯಿಯವರ ಅತ್ತೆ. ಶುಭಕಾರ್ಯದ ಮನೆಯಲ್ಲಿ ಸೀದಿತು, ಹತ್ತಿತು ಎಂಬ ಮಾತು ಯಜಮಾನರ ಕಿವಿಗೆ ಬೀಳಬಾರದು. ಪಾತ್ರೆಯ ತಳ ಹಿಡಿಯತೊಡಗಿದರೆ ಮೊದಲು ಕಂಡವರು "ಬೀಗರು ಬಂದ್ರು" ಎನ್ನಬೇಕು. ಬೀಗರು ಬಂದಾಗ ಮಾಡುವುದನ್ನೇ ಆಗಲೂ ಮಾಡಬೇಕು: ಮುಖದಲ್ಲಿ ಏನೂ ತೋರಿಸದೆ, ಸದ್ದಿಲ್ಲದೆ, ಬೇಗ. ಒಲೆ ಆರಿಸಿ, ಕದಡದೆ, ಮೇಲಿನ ಮುಕ್ಕಾಲು ಭಾಗವನ್ನು ಬೇರೆ ಪಾತ್ರೆಗೆ ಸುರಿದು, ತಳವನ್ನು ಹಾಗೇ ಬಿಡಬೇಕು. ಒಂದು ಸಲ ಕದಡಿದರೆ ಇಡೀ ಪಾತ್ರೆ ಹೋದಂತೆ.

ಎರಡು ತಿಂಗಳಲ್ಲಿ ಒಂಬತ್ತು ಊಟ ಹೀಗೆ ದಾಟಿದ್ದವು. ಹತ್ತನೆಯದು ಅಣ್ಣಾಜಿಯವರ ಮನೆಯದು.

ಅಣ್ಣಾಜಿ ನಿವೃತ್ತ ಗಣಿತ ಮಾಸ್ತರರು. ಎಂಬತ್ತೊಂದು ದಾಟಿದ್ದಕ್ಕೆ ಅಂದು ಸಹಸ್ರಚಂದ್ರದರ್ಶನ ಶಾಂತಿ. ಊಟದ ವಿಷಯದಲ್ಲಿ ಅವರ ಹೆಸರು ಕೇಳಿದರೆ ಬಡಿಸುವವರು ಎಲೆಯನ್ನು ಎರಡು ಸಲ ನೋಡಿಕೊಳ್ಳುತ್ತಾರೆ. ಎಲೆಯ ಎಡತುದಿಗೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಎರಡು ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಅಂಬೊಡೆ, ನಡುವೆ ಅನ್ನ, ಅನ್ನದ ಮೇಲೆ ತೊವ್ವೆ, ತೊವ್ವೆಯ ಮೇಲೆ ತುಪ್ಪ. ಈ ಕ್ರಮ ಒಂದು ಬೆರಳಷ್ಟು ಅತ್ತಿತ್ತ ಆದರೂ ಅವರು ಕೈ ಹಾಕುವುದಿಲ್ಲ. ಹಿಂದೊಮ್ಮೆ ಹಲಗೇರಿಯ ಮದುವೆಯೊಂದರಲ್ಲಿ ಸಾರಿಗೆ ಹಳೆಯ ಕೊತ್ತಂಬರಿ ಹಾಕಿದ್ದಾರೆಂದು ಪಂಕ್ತಿಯಲ್ಲೇ ಹೇಳಿದ್ದರು. ಆ ಅಡುಗೆಯವರನ್ನು ಆಮೇಲೆ ಆ ಕಡೆ ಯಾರೂ ಕರೆಯಲಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ಶ್ರೀವಾಣಿ ಹಿತ್ತಲ ನಲ್ಲಿಯಿಂದ ಮಡಿನೀರು ತರುತ್ತಿದ್ದಾಗ ಅತಿಥಿಗಳ ಕೂಸೊಂದು ಓಡಿಬಂದು ಅವಳ ಸೆರಗು ಹಿಡಿದುಕೊಂಡಿತು. ಅವಳು ಕೊಡ ಅಲ್ಲೇ ಇಳಿಸಿ ಅಡುಗೆ ಕೋಣೆಯ ಹೊರಗೇ ನಿಂತಳು.

"ಅತ್ಯಾ, ಮುಟ್ಟಿತು ಕೂಸು. ಸ್ನಾನಾ ಮಾಡಿ ಬರ್ತೀನಿ."

"ಎಷ್ಟೊತ್ತು?"

"ಬಚ್ಚಲದಾಗ ಯಾರೋ ಇದ್ದಾರ. ಹತ್ತು ನಿಮಿಷ."

ಇಬ್ಬರೂ ಪರಸ್ಪರ ನೋಡಿದರು. ಬಾಗಿಲಿನ ಆಚೆ ಪಡಸಾಲೆಯಲ್ಲಿ ಅಣ್ಣಾಜಿ ಹೋಮದ ಹೊಗೆಗೆ ಕಣ್ಣು ಕಿರಿದು ಮಾಡಿ ಕೂತಿದ್ದರು. ಹೆಚ್ಚು ಮಾತಾಡುವಂತಿರಲಿಲ್ಲ. "ಹೋಗು," ಎಂದರು ಸರಸ್ವತೀಬಾಯಿ.

ಅವರು ಐದೂ ಒಲೆಯ ಉರಿ ಇಳಿಸಿದರು. ಅಷ್ಟನ್ನು ಮಾಡಬಹುದಿತ್ತು. ಹುಳಿ ತೆಳ್ಳಗಿದೆ, ಅದಕ್ಕೆ ಭಯವಿಲ್ಲ. ಸಾರಿಗೂ ಇಲ್ಲ. ಭಯ ಇದ್ದದ್ದು ಹಯಗ್ರೀವಕ್ಕೆ. ಬೆಂದ ಕಡಲೆಬೇಳೆಗೆ ಬೆಲ್ಲ ಬಿದ್ದ ಮೇಲೆ ಅದನ್ನು ನಂಬುವಂತಿಲ್ಲ. ಸೌಟು ನಿಂತ ಕಡೆ ಬೆಲ್ಲ ತಳಕ್ಕೆ ಕೂರುತ್ತದೆ. ಅವರು ಹಯಗ್ರೀವದ ಮುಂದೆಯೇ ನಿಂತು ಎರಡೂ ಕೈಯಿಂದ ಮಗುಚತೊಡಗಿದರು. ತೊವ್ವೆಯ ಪಾತ್ರೆ ಅವರ ಬೆನ್ನ ಹಿಂದೆ ಇತ್ತು. ತೊಗರಿಬೇಳೆ ಚೆನ್ನಾಗಿ ಬೆಂದು, ಅರಿಸಿನ ಬಿದ್ದು, ಮಂದವಾಗಿ ಬುಡುಬುಡು ಎನ್ನುತ್ತಿತ್ತು.

ಹತ್ತು ನಿಮಿಷ ಕಳೆಯಿತು. ಶ್ರೀವಾಣಿ ಬರಲಿಲ್ಲ.

ಹನ್ನೊಂದೂವರೆ ದಾಟಿ ಎರಡು ನಿಮಿಷಕ್ಕೆ ಅಂಗಳದ ಕಡೆಯಿಂದ ಹೆಣ್ಣು ಧ್ವನಿಯೊಂದು ಕೇಳಿತು. "ಬೀಗರು ಬಂದ್ರು, ಲಗೂ!"

ಕಿಟಕಿಯ ಫ್ಯಾನು ಗರಗರ ಎನ್ನುತ್ತಿತ್ತು. ಧ್ವನಿ ಯಾರದೆಂದು ತಿಳಿಯಲಿಲ್ಲ. ಮೊದಲಾದರೆ ಆ ಮಾತು ಕೇಳುವ ಮುಂಚೆಯೇ ಮೂಗು ಹೇಳಿರುತ್ತಿತ್ತು. ಈಗ ಮಾತಷ್ಟೇ ಇತ್ತು. ಶ್ರೀವಾಣಿ ಬಚ್ಚಲಿನಿಂದ ಬಂದಳು, ಬಾಗಿಲಿಗೆ ಬರುತ್ತಲೇ ವಾಸನೆ ಹಿಡಿದಳು ಎಂದುಕೊಂಡರು. ಯಾವ ಪಾತ್ರೆ ಎಂದು ಕೇಳಲು ಸಮಯವಿರಲಿಲ್ಲ. ಹಿಡಿಯುವುದು ಹಯಗ್ರೀವವೇ. ಅವರು ಒಲೆ ಆರಿಸಿ, ಮಡಿಬಟ್ಟೆಯಿಂದ ಕಿವಿ ಹಿಡಿದು, ಕದಡದೆ, ಮೇಲಿನ ಮುಕ್ಕಾಲು ಪಾಲನ್ನು ಪಕ್ಕದ ದೊಡ್ಡ ಬೋಗುಣಿಗೆ ಸುರಿದರು. ತಳ ಬಿಟ್ಟರು. ಮುಖದಲ್ಲಿ ಏನೂ ತೋರಿಸಲಿಲ್ಲ. ಎಲ್ಲವೂ ಅತ್ತೆ ಕಲಿಸಿದಂತೆಯೇ ನಡೆಯಿತು.

ಕೂಗಿದ್ದು ಮೇಧಾ. ಅಣ್ಣಾಜಿಯವರ ಸೊಸೆ. ಮೇಧಾ ಅವರ ಮಗಳನ್ನು ಬ್ಯಾಡಗಿಗೆ ಕೊಟ್ಟಿದ್ದಾರೆ. ಆ ಮಗಳ ಅತ್ತೆ ಮಾವ ನಿಜವಾಗಿಯೂ ಆಗ ಕಾರಿನಿಂದ ಇಳಿಯುತ್ತಿದ್ದರು. ಕಾಲಿಗೆ ನೀರು ಕೊಡಲು ಬರಲಿ ಎಂದು ಮೇಧಾ ಗಂಡ ಪ್ರಾಣೇಶನನ್ನು ಕರೆದಿದ್ದರು.

ಎರಡು ನಿಮಿಷದ ನಂತರ ಪಡಸಾಲೆಯಲ್ಲಿ ಅಣ್ಣಾಜಿ ತಲೆಯೆತ್ತಿದರು. ಹೋಮದ ಹೊಗೆ, ತುಪ್ಪ, ಹೂವು, ಬಂದ ಬೀಗರ ಅತ್ತರು, ಇಷ್ಟರ ನಡುವೆ ಅವರಿಗೆ ಇನ್ನೊಂದು ವಾಸನೆ ತಟ್ಟಿತು. ಪುರೋಹಿತರಿಗೆ ಕೈಸನ್ನೆ ಮಾಡಿ ಎದ್ದರು. ಅಂದು ಅವರೂ ಮಡಿಯಲ್ಲಿದ್ದರು, ಹೊಸ್ತಿಲವರೆಗೆ ಬರಬಹುದಿತ್ತು.

ಹೊಸ್ತಿಲಲ್ಲಿ ನಿಂತು ನೋಡಿದರು. ಅಡುಗೆಯವರು ಹಯಗ್ರೀವಕ್ಕೆ ದ್ರಾಕ್ಷಿ ಹಾಕುತ್ತಿದ್ದರು. ಅವರಿಂದ ಎರಡು ಮೊಳ ದೂರದಲ್ಲಿ ತೊವ್ವೆಯ ಪಾತ್ರೆಯ ಅಂಚಿನಿಂದ ಎಳೆಯಷ್ಟು ಹೊಗೆ ಏಳುತ್ತಿತ್ತು. ಪಡಸಾಲೆಯವರೆಗೆ ಮುಟ್ಟಿದ ವಾಸನೆಗೆ ಅವರು ಕತ್ತು ತಿರುಗಿಸಿರಲಿಲ್ಲ.

ಅಣ್ಣಾಜಿ ಬಾಗಿಲ ಚೌಕಟ್ಟನ್ನು ಬೆರಳಿಂದ ತಟ್ಟಿದರು.

"ಸರಸ್ವತೀಬಾಯಿ, ತವ್ವಿ ನೋಡ್ರಿ."

ಅವರು ತಿರುಗಿದರು. ಹೊಗೆ ಕಂಡಿತು. ಒಲೆ ಆರಿಸಿದರು. ಸೌಟಿನ ತುದಿಯಿಂದ ಅಂಚು ಸರಿಸಿದಾಗ ಕಪ್ಪು ಹಕ್ಕಳೆ ಮೇಲೆ ಬಂತು. ಕದಡದಿದ್ದರೂ ಬೇಳೆಯ ಕುದಿಯೇ ಅದನ್ನು ಕದಡಿತ್ತು. ಇಡೀ ಪಾತ್ರೆ ಹೋಗಿತ್ತು. ನಲವತ್ತು ನಿಮಿಷ ಉಳಿದಿತ್ತು.

ಅಣ್ಣಾಜಿಯವರ ಕಣ್ಣು ಆಗಲೇ ಬೇರೆ ಕಡೆ ಹೋಗಿತ್ತು. "ಹಯಗ್ರೀವ ಯಾಕ ಬ್ಯಾರೆ ಪಾತ್ರಿಗೆ ಹಾಕೀರಿ?"

"ತಳಾ ಹಿಡೀತದ ಅಂತ."

"ಹಿಡಿದದೇನು? ತೋರಸ್ರಿ."

ಅವರು ಹಳೆಯ ಪಾತ್ರೆಯನ್ನು ವಾಲಿಸಿ ತೋರಿಸಿದರು. ಉಳಿದ ಕಾಲು ಪಾಲು ಹಯಗ್ರೀವ ಜಾರಿತು. ಕೆಳಗೆ ಹಿತ್ತಾಳೆ ಚಿನ್ನದಂತೆ ಸ್ವಚ್ಛವಾಗಿತ್ತು.

ನಲವತ್ತು ವರ್ಷ ಲೆಕ್ಕ ಕಲಿಸಿದ ಮನುಷ್ಯರಿಗೆ ಇಷ್ಟು ಸಾಕಾಗಿತ್ತು. ಸೀಯದ್ದನ್ನು ಸೀದಿದೆ ಎಂದು ಎತ್ತಿದ್ದಾರೆ. ಸೀದದ್ದರ ಪಕ್ಕ ಸುಮ್ಮನೆ ನಿಂತಿದ್ದಾರೆ.

"ವಾಸನಿ ಬರೂದಿಲ್ಲೇನು ನಿಮಗ?"

ಥಂಡಿ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬ್ಯಾಡಗಿಯಲ್ಲಿ ಅದು ಸುಲಭವಾಗಿ ಬಂದಿತ್ತು. ಇಲ್ಲಿಯೂ ಹೇಳಬಹುದಿತ್ತು. ಒಂದು ದಿನದ ನೆಗಡಿಗೆ ಯಾರೂ ಯಾರನ್ನೂ ಬಿಡುವುದಿಲ್ಲ. ಆದರೆ ಇನ್ನರ್ಧ ಗಂಟೆಗೆ ಈ ಪಾತ್ರೆಗಳೆಲ್ಲ ದೇವರ ಮುಂದೆ ಹೋಗುತ್ತವೆ. ಅವುಗಳಲ್ಲಿ ಇನ್ನೇನು ಆಗಿದೆ ಎಂಬುದು ತಮಗೆ ಗೊತ್ತಿಲ್ಲ. ಆಮೇಲೆ ನಾಲಿಗೆಗೆ ಹಚ್ಚಿಕೊಂಡರೂ ಸೀದ ವಾಸನೆ ಸಿಗುವುದಿಲ್ಲ. ಅವರು ಹಯಗ್ರೀವದ ಸೌಟನ್ನು ಕೆಳಗಿಟ್ಟರು.

"ಇಲ್ರಿ ರಾಯರ. ಎರಡು ತಿಂಗಳ ಹತ್ತು ದಿವಸ ಆತು."

"ಮತ್ತ ಇಷ್ಟು ದಿವಸ?"

"ಶ್ರೀವಾಣಿ ಬಳಿ ಸರಿಸಿ ಹೇಳ್ತಿದ್ಲು. ಈಗ ಆಕಿ ಬಚ್ಚಲದಾಗ ಸಿಕ್ಕೊಂಡಾಳ."

ಪಡಸಾಲೆಯಿಂದ ಪುರೋಹಿತರು ಕರೆದರು. ಅಣ್ಣಾಜಿ ಅತ್ತ ನೋಡಲಿಲ್ಲ.

"ತವ್ವಿಗೆ ಏನು ಮಾಡ್ತೀರಿ?"

ಇದು ಪ್ರಶ್ನೆಯೋ ಪರೀಕ್ಷೆಯೋ ತಿಳಿಯಲಿಲ್ಲ. ತೊಗರಿಬೇಳೆ ಮತ್ತೆ ಇಟ್ಟರೆ ಈ ಹೊತ್ತಿನಲ್ಲಿ ಮೆತ್ತಗಾಗುವುದಿಲ್ಲ. ಸರಸ್ವತೀಬಾಯಿ ಮೂಲೆಯ ಬೋಗುಣಿಯ ಕಡೆ ನೋಡಿದರು. ಕೋಸಂಬರಿಗೆಂದು ಬೆಳಗ್ಗೆ ಆರಕ್ಕೆ ನೆನೆಹಾಕಿದ ಹೆಸರುಬೇಳೆ. ನಾಲ್ಕು ಸೇರು. ನೆನೆದ ಹೆಸರುಬೇಳೆ ಕುದಿನೀರಿಗೆ ಬಿದ್ದರೆ ಹದಿನೈದು ನಿಮಿಷಕ್ಕೆ ಬೇಯುತ್ತದೆ.

"ಹೆಸರಬ್ಯಾಳಿ ತವ್ವಿ. ಎಲಿಗೆ ಒಂದ ಕೋಸಂಬರಿ ಬೀಳ್ತದ, ಕಡಲಿಬ್ಯಾಳಿದು."

"ಒಂದ ಕೋಸಂಬರಿ," ಎಂದರು ಅಣ್ಣಾಜಿ. ನಂತರ ಗೋಡೆಗೆ ಒರಗಿಸಿದ್ದ ಮಣೆಯನ್ನು ಹೊಸ್ತಿಲಿನ ಆಚೆ ಹಾಕಿಕೊಂಡು, ಮುಖವನ್ನು ಒಲೆಗಳ ಕಡೆ ಮಾಡಿ ಕೂತರು.

"ಮಾಡ್ರಿ."

"ರಾಯರ, ನೀವು ಹಿಂಗ ಕೂತು..."

"ನಾ ಮೂಸೂದಿಲ್ಲ," ಎಂದರು ಅವರು. "ವಾಸನಿ ತಾನ ಬರ್ತದ. ನೀವ ಹೇಳಿದ ಮಾತು. ನನ್ನ ಮೊಮ್ಮಗನ ಮುಂಜಿವ್ಯಾಗ."

ಮುಂದಿನ ಹದಿನೇಳು ನಿಮಿಷ ಆ ಕೋಣೆಯಲ್ಲಿ ಆಡಿದ ಮಾತು ಕಡಿಮೆ. ಎಸರಿನ ಅರ್ಧ ನೀರು ಬೇರೆ ಪಾತ್ರೆಗೆ ಬಂತು, ಹೆಸರುಬೇಳೆ ಅದರಲ್ಲಿ ಬಿತ್ತು. ಅರಿಸಿನ ಬಿತ್ತು. ಸರಸ್ವತೀಬಾಯಿ ಸೌಟು ನಿಲ್ಲಿಸಲಿಲ್ಲ. ಅಣ್ಣಾಜಿ ಕಣ್ಣು ಮುಚ್ಚಿ ಕೂತಿದ್ದರು. ಪುರೋಹಿತರು ಎರಡು ಸಲ ಬಂದು ನೋಡಿ ಹೋದರು. "ಹಸೀ ಅದ," ಎಂದರು ಅಣ್ಣಾಜಿ ಒಮ್ಮೆ. ನಾಲ್ಕು ನಿಮಿಷದ ನಂತರ, "ಈಗ ಹೋತು." ಇಂಗು ತುಪ್ಪದಲ್ಲಿ ಚಟಪಟ ಅಂದಾಗ ಅವರ ಹುಬ್ಬು ಸ್ವಲ್ಪ ಏರಿತು. "ಇನ್ನೊಂದು ಚೂರು." ಸರಸ್ವತೀಬಾಯಿ ಹಾಕಿದರು. ಹುಳಿಗೆ, ಸಾರಿಗೆ, ಹಯಗ್ರೀವಕ್ಕೆ ಅವರು ಏನೂ ಹೇಳಲಿಲ್ಲ. ಹೇಳದಿರುವುದು ಸರಿ ಇದೆ ಎಂಬ ಅರ್ಥವೇ ಎಂದು ಕೇಳುವ ಧೈರ್ಯ ಇವರಿಗೆ ಆಗಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಶ್ರೀವಾಣಿ ಮಡಿಯುಟ್ಟು ಓಡಿಬಂದಳು. ಹೊಸ್ತಿಲಲ್ಲಿ ಕೂತವರನ್ನು ಕಂಡು ನಿಂತಳು. ಬಳೆ ಹಿಡಿದುಕೊಂಡಳು.

"ಬಳಿ ಬಿಡವಾ," ಎಂದರು ಅಣ್ಣಾಜಿ ಏಳುತ್ತ. "ಬಾಯೀಲೆ ಹೇಳು."

ನೈವೇದ್ಯ ಹನ್ನೆರಡೂ ಇಪ್ಪತ್ತಕ್ಕೆ ಆಯಿತು. ಪಂಕ್ತಿಯಲ್ಲಿ ಬ್ಯಾಡಗಿಯ ಬೀಗರು ಎಲೆಯ ಮೇಲೆ ಒಂದೇ ಕೋಸಂಬರಿ ಇರುವುದನ್ನು ಗಮನಿಸಿದರು. ಏನಾದರೂ ಕಡಿಮೆಯಾಗಿದೆಯೇ ಎಂದು ನಗುತ್ತ ಕೇಳಿದರು. ಮೇಧಾ ಮಾವನ ಮುಖ ನೋಡಿದರು. ಅಣ್ಣಾಜಿ ಅನ್ನದ ಮೇಲೆ ತೊವ್ವೆ ಕಲಸುತ್ತಿದ್ದರು. "ನಾನ ಬ್ಯಾಡ ಅಂದೆ," ಎಂದರು. "ಉಣ್ರಿ, ತವ್ವಿ ಆರ್ತದ."

ಪಾತ್ರೆಗಳೆಲ್ಲ ಖಾಲಿಯಾದ ಮೇಲೆ ಅವರು ಸರಸ್ವತೀಬಾಯಿಯವರನ್ನು ಕರೆದು ತಾಂಬೂಲ ಕೊಟ್ಟರು. ಆಮೇಲೆ ಹೇಳಿದ್ದು ಎರಡೇ ಮಾತು. "ನಾ ಯಾರ ಮುಂದೂ ಹೇಳೂದಿಲ್ಲ. ಮುಂದ ಯಾರ ಮನಿಗೆ ಹೋಗ್ತೀರಿ, ಅವರಿಗೆ ನೀವ ಹೇಳ್ರಿ, ಹೋಗೂಕಿಂತ ಮೊದಲ."

ಹಾವೇರಿಯ ಬಸ್ಸಿನಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತಿದ್ದರು. ಬಸ್ಸು ಮೋಟೆಬೆನ್ನೂರು ದಾಟಿತು. ಆಮೇಲೆ ಶ್ರೀವಾಣಿ ಮೆಲ್ಲಗೆ ಹೇಳಿದಳು, "ಅತ್ಯಾ, ಆ ಮಾತು ಬದಲು ಮಾಡೋಣು. ಬೀಗರು ಬ್ಯಾಡ. ಕರೆಂಟ್ ಹೋತು ಅನ್ನೋಣು."

"ಕರೆಂಟು ನಮ್ಮೂರಾಗ ದಿವಸಾ ಹೋಗ್ತದ. ದಿವಸಾ ಒಂದು ಪಾತ್ರಿ ಇಳಸಬೇಕೇನು?"

ಶ್ರೀವಾಣಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಸರಸ್ವತೀಬಾಯಿ ನಗಲಿಲ್ಲ. ಯಾವ ಮನೆಗೆ ಮೊದಲು ಫೋನ್ ಮಾಡುವುದು ಎಂದು ಅವರು ಮನಸ್ಸಿನಲ್ಲೇ ಪಟ್ಟಿ ಮಾಡುತ್ತಿದ್ದರು.

ಆ ವಾರ ಅವರು ಆರು ಕಡೆ ಫೋನ್ ಮಾಡಿದರು. ಪ್ರತಿ ಕಡೆಯೂ ಒಂದೇ ವಾಕ್ಯ: ನನಗ ಈಗ ವಾಸನಿ ಬರೂದಿಲ್ಲ, ಸೊಸಿ ನೋಡ್ತಾಳ, ನಿಮಗ ಸರಿ ಅನಿಸಿದ್ರ ಬರ್ತೀನಿ. ಇಬ್ಬರು ನೋಡಿ ಹೇಳುತ್ತೇವೆ ಎಂದರು, ಹೇಳಲಿಲ್ಲ. ಹತ್ತೊಂಬತ್ತು ವರ್ಷ ಅಡುಗೆ ಮಾಡಿದ ಒಂದು ಮಠದ ಮೂರು ದಿನದ ಆರಾಧನೆಗೆ ಆ ವರ್ಷ ಬೇರೆಯವರನ್ನು ಗೊತ್ತು ಮಾಡಿದರು. ಆ ಮೂರು ದಿನ ಸರಸ್ವತೀಬಾಯಿ ಮನೆಯಲ್ಲಿ ಕೂತಿದ್ದರು. ನಾಲ್ಕನೆಯ ದಿನ ಬ್ಯಾಡಗಿಗೆ ಹೋಗಿ ಖಲಂದರನಿಗೂ ನಿಜ ಹೇಳಿ ಬಂದರು. ಉಳಿದ ಮೂರು ಮನೆಗಳು ಬರ್ರಿ ಎಂದವು.

ಅವುಗಳಲ್ಲಿ ಮೊದಲನೆಯದು ಕಾಗಿನೆಲೆ ರಸ್ತೆಯ ಒಂದು ಮನೆ, ಸತ್ಯನಾರಾಯಣ ಪೂಜೆ, ನಲವತ್ತು ಎಲೆ. ಹಯಗ್ರೀವದ ಸೌಟು ಶ್ರೀವಾಣಿಯ ಕೈಯಲ್ಲಿತ್ತು. ಅತ್ತೆ ಕಾಯಿ ತುರಿಯುತ್ತ ಕೂತು, ಬೆಲ್ಲ ಯಾವಾಗ, ತುಪ್ಪ ಎಷ್ಟು, ಎಂದು ಹೇಳುತ್ತಿದ್ದರು. ಹನ್ನೊಂದರ ಹೊತ್ತಿಗೆ ಸೊಸೆ ಮೂಗು ಅರಳಿಸಿದಳು. ಬಾಗಿಲಲ್ಲಿ ಮನೆಯ ಯಜಮಾನತಿ ನಿಂತಿದ್ದರು. ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರು.

"ಅತ್ಯಾ," ಎಂದಳು ಶ್ರೀವಾಣಿ, ಎಲ್ಲರಿಗೂ ಕೇಳುವ ಹಾಗೆ. "ತಳಾ ಹತ್ಲಿಕ್ಕತ್ತದ."

"ಇಳಸು," ಎಂದರು ಸರಸ್ವತೀಬಾಯಿ. "ಕದಡಬ್ಯಾಡ."